ಸಕ್ಕರೆ, ಅನ್ನ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆಯೇ?

ಆಸ್ಪತ್ರೆಯಿಂದ ಮನೆಗೆ ಬಂದ ಕ್ಯಾನ್ಸರ್ ರೋಗಿಗೆ ಸಕ್ಕರೆ, ಅನ್ನ, ಹಾಲು ನಿಲ್ಲಿಸಿದರೆ ಗಡ್ಡೆ ತಾನಾಗಿ ಸಾಯುತ್ತದೆ ಅನ್ನುವ ಮೆಸೇಜು ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದು ನಿಜವಲ್ಲ.

ಸಕ್ಕರೆ, ಅನ್ನ ಜೀರ್ಣವಾದಾಗ ಗ್ಲೂಕೋಸ್ ಸಿಗುತ್ತದೆ. ಬಹಳಷ್ಟು ಕ್ಯಾನ್ಸರ್ ಜೀವಕೋಶಗಳು ಅದನ್ನು ಜಾಸ್ತಿ ಹೀರುತ್ತವೆ, ಅದು ಸರಿ. ಪೆಟ್ ಸ್ಕ್ಯಾನ್ ಅನ್ನುವ ತಪಾಸಣೆ ಗಡ್ಡೆಯನ್ನು ಹುಡುಕುವುದೂ ಸಾಮಾನ್ಯವಾಗಿ ಹೀಗೆ ಗ್ಲೂಕೋಸ್ ಜಾಸ್ತಿ ಹೀರುವ ಜಾಗ ನೋಡಿಯೇ. ಆದರೆ ಮಿದುಳಿಗೂ ಗ್ಲೂಕೋಸ್ ಬೇಕಲ್ವಾ? ನಾವು ತಿನ್ನದಿದ್ದರೆ ದೇಹ ಮಾಂಸಖಂಡ ಕರಗಿಸಿ ಅದನ್ನು ತಯಾರಿಸಿಕೊಳ್ಳುತ್ತದೆ. ಸೊರಗುವುದು ಗಡ್ಡೆಯಲ್ಲ, ರೋಗಿ. ತೂಕ ಇಳಿದರೆ ಮುಂದಿನ ಕೀಮೋ ತಡೆದುಕೊಳ್ಳುವುದೂ ಕಷ್ಟ.

ಕ್ಯಾನ್ಸರ್ ರೋಗಿಗೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ ಮಾತ್ರ! ಬಾಯಿ ಹುಣ್ಣಾಗಿದ್ದರೆ ಖಾರವಿಲ್ಲದ, ಮೆತ್ತಗೆ ಬೆಂದ ಹೆಸರುಬೇಳೆ ಪೊಂಗಲ್ ಬಿಸಿ ಆರಿಸಿ ಕೊಡಿ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ.

ಇಂಥ ಮೆಸೇಜು ಬಂದಾಗ ಯಾರು, ಯಾವಾಗ, ಎಲ್ಲಿ ಹೇಳಿದ್ದು ಅಂತ ಇದೆಯಾ ನೋಡಿ. ಮೆಸೇಜಿನ ಮೊದಲ ಸಾಲಿಗೆ ‘ಫ್ಯಾಕ್ಟ್ ಚೆಕ್’ ಸೇರಿಸಿ ಗೂಗಲ್‌ನಲ್ಲಿ ಹುಡುಕಿ. ಏನನ್ನಾದರೂ ಬಿಡಿಸುವ ಮುಂಚೆ ಆ ಮೆಸೇಜನ್ನೇ ಆಸ್ಪತ್ರೆಯ ಡಯಟೀಷಿಯನ್‌ಗೆ ತೋರಿಸಿ.