ಡಾರ್ಕ್ ಮೋಡ್ ಮತ್ತು ಬ್ಯಾಟರಿ: ನಾನು ಹಂಚಿದ ಸಂದೇಶಕ್ಕೊಂದು ತಿದ್ದುಪಡಿ

‘ಡಾರ್ಕ್ ಮೋಡ್ ಹಾಕಿ, ಯಾವ ಮೊಬೈಲ್ ಆದರೂ ಬ್ಯಾಟರಿ ಎರಡು ಪಟ್ಟು ಬಾಳುತ್ತದೆ’ ಎಂಬ ಸಂದೇಶವನ್ನು ಕಳೆದ ವಾರ ಹಂಚಿದವರಲ್ಲಿ ನಾನೂ ಒಬ್ಬ. ಡಾರ್ಕ್ ಮೋಡ್ ಎಂದರೆ ಪರದೆಯ ಹಿನ್ನೆಲೆಯನ್ನು ಕಪ್ಪಾಗಿಸಿ ಅಕ್ಷರವನ್ನು ಬೆಳ್ಳಗೆ ತೋರಿಸುವ ವ್ಯವಸ್ಥೆ. ಆ ಸಂದೇಶ ತಪ್ಪು.

ಲಾಭವಿರುವುದು ಓಎಲ್‌ಇಡಿ, ಅಮೋಲೆಡ್ ಪರದೆಗಳಿಗೆ. ಅಲ್ಲಿ ಪ್ರತಿ ಪಿಕ್ಸೆಲ್ (ಚಿತ್ರ ಮೂಡಿಸುವ ಪುಟ್ಟ ಚುಕ್ಕಿ) ತಾನೇ ಬೆಳಗುತ್ತದೆ. ಕಪ್ಪೆಂದರೆ ಅದು ಆರಿದೆ ಎಂದೇ ಅರ್ಥ. ಎಲ್‌ಸಿಡಿ ಎಂಬ ಇನ್ನೊಂದು ಬಗೆಯ ಪರದೆಯಲ್ಲಿ ಹಿಂಬದಿಯ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪು ಅದಕ್ಕೆ ಅಡ್ಡ ಹಿಡಿದ ತೆರೆಯಷ್ಟೇ. ರಾತ್ರಿ ಕೋಣೆಯ ದೀಪ ಆರಿಸಿ ಅಮ್ಮನ ಹಳೆಯ ಮೊಬೈಲಿನಲ್ಲಿ ಪೂರ್ತಿ ಕಪ್ಪು ಚಿತ್ರ ತೆರೆದೆ: ಬೂದು ಬಣ್ಣದ ಮಂದ ಬೆಳಕು ದಿಂಬಿನ ಮೇಲೂ ಬಿತ್ತು. ನನ್ನದರಲ್ಲಿ ಪರದೆಯ ಅಂಚು ಎಲ್ಲಿದೆಯೆಂದೇ ತಿಳಿಯಲಿಲ್ಲ. ನಿಮ್ಮದು ಯಾವ ಬಗೆಯದೆಂದು ಹೀಗೆಯೇ ನೋಡಿಕೊಳ್ಳಬಹುದು.

ಓಎಲ್‌ಇಡಿಯಲ್ಲೂ ಎಲ್ಲವೂ ಬ್ರೈಟ್‌ನೆಸ್ ಮೇಲೆ ನಿಂತಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಳತೆಯಂತೆ, ಬ್ರೈಟ್‌ನೆಸ್ ಶೇ 100 ಇದ್ದಾಗ ಸರಾಸರಿ ಉಳಿತಾಯ ಶೇ 39ರಿಂದ 47. ಅದು ಶೇ 30 ಮತ್ತು 50ರ ನಡುವೆ ಇದ್ದಾಗ ಬರೀ ಶೇ 3ರಿಂದ 9. ಮನೆಯೊಳಗೆ ಪೂರ್ತಿ ಬೆಳಕಿಟ್ಟು ಓದುವವರು ಎಷ್ಟು ಮಂದಿ? ಬ್ರೈಟ್‌ನೆಸ್ ಇಳಿಸುವುದಾದರೆ ಎರಡೂ ಬಗೆಯ ಪರದೆಗೆ ಪ್ರಯೋಜನ.

ಆ ಸಂದೇಶವನ್ನು ನಾನು ಅಳಿಸಿದ್ದೇನೆ. ನಿಮಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.