ಕಾರ್ಖಾನೆಯಲ್ಲಿ ಕಟ್ಟಿದ ಮನೆಗಳೆಲ್ಲ ಒಂದೇ ಅಲ್ಲ

ಅಮೆರಿಕದಲ್ಲಿ ಮನೆ ಕೊಳ್ಳುವವರಿಗಾಗಿ ಬರೆದ ಒಂದು ಲೇಖನದಲ್ಲಿ, ಕಾರ್ಖಾನೆಯಲ್ಲಿ ಕಟ್ಟುವ ಎರಡು ಬಗೆಗಳಾದ ಮಾಡ್ಯುಲರ್ ಮನೆಯನ್ನೂ ಮ್ಯಾನುಫ್ಯಾಕ್ಚರ್ಡ್ ಮನೆಯನ್ನೂ ಒಂದೇ ಎಂಬಂತೆ ಹೇಳಿರುವುದು ಸರಿಯಲ್ಲ. ಎರಡನೆಯದು 1976ರ ಜೂನ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಕೇಂದ್ರ ಸರ್ಕಾರದ ನಿಯಮದಂತೆ, ಕಾಯಂ ಆಗಿ ಉಕ್ಕಿನ ಚಾಸಿಯ (ಅಡಿಚೌಕಟ್ಟಿನ) ಮೇಲೆಯೇ ಕಟ್ಟಿದ್ದು. ಮೊದಲನೆಯದಾದರೋ, ನಿವೇಶನದಲ್ಲೇ ಕಟ್ಟುವ ಮನೆಗಳ ಹಾಗೆ ರಾಜ್ಯದ ಮತ್ತು ಸ್ಥಳೀಯ ಕಟ್ಟಡ ನಿಯಮಗಳಿಗೆ ಒಳಪಟ್ಟು, ಕಾರ್ಖಾನೆಯಲ್ಲಿ ಭಾಗ ಭಾಗವಾಗಿ ಕಟ್ಟಿ ತಂದು, ಸಾಮಾನ್ಯವಾಗಿ ಕ್ರೇನಿನಿಂದ ತಳಪಾಯದ ಮೇಲೆ ಇಳಿಸಿ ಕೂರಿಸುವಂಥದ್ದು. ಕಾರ್ಖಾನೆ ಹೇಳುವ ಬೆಲೆಯಲ್ಲಿ ತಳಪಾಯ, ಸಾಗಣೆ, ಕ್ರೇನಿನ ಬಾಡಿಗೆ, ಒಳಚರಂಡಿ ಸಂಪರ್ಕ ಇವೆಲ್ಲ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆಯಬೇಕು. ಹೀಗೆ ಕಾರ್ಖಾನೆಯಿಂದ ತಂದು ಜೋಡಿಸಿದ ನಮ್ಮ ಮನೆಯಲ್ಲಿ ಎರಡು ಭಾಗಗಳು ಕೂಡುವ ಗೆರೆಯುದ್ದಕ್ಕೂ, ನಡುಮನೆಯ ಒಳಛಾವಣಿಯಲ್ಲಿ, ಮೊದಲ ಚಳಿಗಾಲದಲ್ಲೇ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಾಗ, ಕಾರ್ಖಾನೆಯವರು ಜೋಡಿಸಿದವರತ್ತಲೂ ಜೋಡಿಸಿದವರು ಕಾರ್ಖಾನೆಯವರತ್ತಲೂ ಬೆರಳು ತೋರಿಸಿದರು (ಕೊನೆಗೆ ಪಟ್ಟಿ ಮೆತ್ತಿ ಬಣ್ಣ ಬಳಿಸಿದ್ದು ನಾವೇ). ಆ ಕೂಡುಗೆರೆಯ ಹೊಣೆ ಯಾರದೆಂಬುದು ನಮ್ಮ ಒಪ್ಪಂದದಲ್ಲಿ ಎಲ್ಲಿಯೂ ಇರಲಿಲ್ಲ.