ಒಳಚರಂಡಿ ಕೆಸರಿನ ಇದ್ದಿಲು ಹೊಲಕ್ಕೆ ಬರುವ ಮುನ್ನ

ಒಳಚರಂಡಿಯ ಕೆಸರಿನಿಂದ ಮಾಡಿದ ಬಯೋಚಾರ್ ಅನ್ನು, ಅಂದರೆ ಗಾಳಿಯಾಡದಂತೆ ಕಾಯಿಸಿ ತಯಾರಿಸಿದ ಇದ್ದಿಲನ್ನು, ರೈತರ ಹೊಲಕ್ಕೆ ಕೊಡಬೇಕೆಂಬ ಸಲಹೆಗೆ ನನ್ನ ವಿರೋಧವಿಲ್ಲ. ಆದರೆ ಆ ಇದ್ದಿಲಿನ ಗುಣ ಬಹುಪಾಲು ಚರಂಡಿಯಲ್ಲೇ ನಿರ್ಧಾರವಾಗಿರುತ್ತದೆ ಎಂಬುದನ್ನು ಇದರ ಪರವಾಗಿ ಮಾತನಾಡುವವರು ಬಿಡಿಸಿ ಹೇಳುವುದಿಲ್ಲ. ನನ್ನ ತಕರಾರು ಅಷ್ಟೇ.

ಬೆಂಗಳೂರಿನ ಸುತ್ತಮುತ್ತ ಸಕ್ಕಿಂಗ್ ಮಷಿನ್ ಲಾರಿಗಳು ಕಕ್ಕಸುಗುಂಡಿಯ ಕೆಸರನ್ನು ನೇರವಾಗಿ ತೋಟಗಳಿಗೆ ಸುರಿಯುವುದು ಹೊಸತೇನಲ್ಲ. ಅದರಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲವು. ಅದೇ ಕೆಸರನ್ನು ಒಣಗಿಸಿ, ಗಾಳಿಯಾಡದಂತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ರೋಗಾಣುಗಳ ಭಯ ಸಂಪೂರ್ಣವಾಗಿ ತೀರುತ್ತದೆ. ತೆಲಂಗಾಣದ ವಾರಂಗಲ್‌ನಲ್ಲಿ ಇಂತಹ ಘಟಕವೊಂದು ಸ್ಥಾಪನೆಯಾಗಿದೆ.

ಆದರೆ ಇದನ್ನು ಸೌದೆಯ ಇದ್ದಿಲೆಂದು ಭಾವಿಸಬಾರದು. ಬೆರಳಿನಲ್ಲಿ ಉಜ್ಜಿ ನೋಡಿದರೆ ಬೂದಿ ಮತ್ತು ನುಣ್ಣನೆಯ ಮರಳೇ ಹೆಚ್ಚು, ಇಂಗಾಲ ಕಡಿಮೆ. ಕೆಸರಿನ ಸಾರಜನಕದ ಬಹುಭಾಗ ಹೊಗೆಯೊಂದಿಗೆ ಹೋಗಿಬಿಡುತ್ತದೆ, ರಂಜಕ ಉಳಿಯುತ್ತದೆ. ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ ಮಲೆನಾಡಿನ ಹುಳಿ ಮಣ್ಣಿಗೆ ಉಪಯೋಗವಾದೀತು. ಮೊದಲೇ ಕ್ಷಾರವಿರುವ ವಿಜಯಪುರದ ಎರೆ ಭೂಮಿಗೆ ಅದರಿಂದೇನು ಲಾಭ? ಕೊಟ್ಟಿಗೆ ಗೊಬ್ಬರದ ಬದಲಿಗೆ ಇದನ್ನು ಹಾಕಿ ಎನ್ನುವವರ ಮಾತನ್ನಂತೂ ನಾನು ಒಪ್ಪಲಾರೆ.

ನಿಜವಾದ ತೊಡಕು ಭಾರಲೋಹಗಳದ್ದು. ಕಾಯಿಸುವಾಗ ಕೆಸರಿನ ತೂಕ ಸುಮಾರು ಅರ್ಧಕ್ಕೆ ಇಳಿದರೂ ಸೀಸ, ನಿಕ್ಕಲ್, ತಾಮ್ರಗಳು ಎಲ್ಲಿಗೂ ಹೋಗುವುದಿಲ್ಲ. ಒಂದು ಕಿಲೋ ಒಣ ಕೆಸರಿನಲ್ಲಿ 60 ಮಿಲಿಗ್ರಾಂ ಸೀಸವಿತ್ತೆಂದು ಇಟ್ಟುಕೊಂಡರೆ, ಒಂದು ಕಿಲೋ ಇದ್ದಿಲಿನಲ್ಲಿ ಅದು 120ರ ಹತ್ತಿರಕ್ಕೆ ಬರುತ್ತದೆ; ನಮ್ಮ ರಸಗೊಬ್ಬರ ನಿಯಂತ್ರಣ ಆದೇಶವು ನಗರದ ಕಾಂಪೋಸ್ಟ್‌ಗೆ ವಿಧಿಸಿರುವ ಮಿತಿಯೇ 100. ಇದ್ದಿಲಿನಲ್ಲಿ ಲೋಹಗಳು ಬಂಧಿತವಾಗಿರುವುದರಿಂದ ಬೆಳೆ ಅವನ್ನು ಹೀರುವುದು ಕಡಿಮೆ ಎಂಬ ವಾದವಿದೆ, ಅದಕ್ಕೆ ಪ್ರಯೋಗಗಳ ಆಧಾರವೂ ಇದೆ. ಆದರೆ ವರ್ಷವರ್ಷವೂ ಹಾಕುತ್ತ ಹೋದರೆ ಹೊಲದಲ್ಲಿ ಲೋಹದ ಮೊತ್ತ ಏರುತ್ತಲೇ ಇರುತ್ತದೆ, ಒಮ್ಮೆ ಮಣ್ಣಿಗೆ ಬೆರೆತ ಮೇಲೆ ಅದನ್ನು ಹೆಕ್ಕಿ ತೆಗೆಯುವ ಉಪಾಯವಿಲ್ಲ.

ಆದ್ದರಿಂದ ಕೆಸರಿನ ಮೂಲ ಮುಖ್ಯ. ಮನೆಗಳ ಕಕ್ಕಸುಗುಂಡಿಯ ಕೆಸರು ಬೇರೆ, ಲೋಹಲೇಪನದ ಸಣ್ಣ ಕಾರ್ಖಾನೆಗಳ ನೀರನ್ನೂ ಹೊತ್ತು ಹರಿಯುವ ಬೆಂಗಳೂರಿನ ವೃಷಭಾವತಿಯಂತಹ ಕಣಿವೆಯ ಕೆಸರು ಬೇರೆ. ಎರಡಕ್ಕೂ ಒಂದೇ ಚೀಲ, ಒಂದೇ ಹೆಸರು ಸಲ್ಲದು. ಸ್ವಿಟ್ಜರ್ಲೆಂಡ್ ಕೃಷಿಗೆ ಕೆಸರು ಬಳಸುವುದನ್ನೇ ನಿಲ್ಲಿಸಿತು; ಐರೋಪ್ಯ ಒಕ್ಕೂಟದ ಗೊಬ್ಬರ ನಿಯಮವು ಇದ್ದಿಲಿನ ಕಚ್ಚಾವಸ್ತುಗಳ ಪಟ್ಟಿಯಿಂದ ಒಳಚರಂಡಿ ಕೆಸರನ್ನು ಹೊರಗಿಟ್ಟಿದೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹಸಿ ಕೆಸರನ್ನು ತೋಟಕ್ಕೆ ಸುರಿಯುವ ಈಗಿನ ರೂಢಿಗಿಂತ ಇದು ಖಂಡಿತವಾಗಿ ಮೇಲು.

ಮೊದಲು ರಸ್ತೆಬದಿಯ ಮರಗಳಿಗೂ ನೆಡುತೋಪುಗಳಿಗೂ ಹಾಕಿ ನೋಡಲಿ. ಊಟದ ಬೆಳೆಗೆ ಕೊಡುವುದಾದರೆ ತಯಾರಾದ ಪ್ರತಿ ಕಂತಿನ ಇದ್ದಿಲಿನ ಲೋಹ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಚೀಲದ ಮೇಲೆಯೇ ಮುದ್ರಿಸಲಿ, ಸಾಗಣೆಯ ವೆಚ್ಚವನ್ನು ನಗರಸಭೆ ಹೊರಲಿ. ಹತ್ತು ವರ್ಷಗಳ ಬಳಿಕ ಆ ಹೊಲದ ಮಣ್ಣು ಪರೀಕ್ಷೆಯ ಖರ್ಚು ಯಾರದು, ಮಣ್ಣು ಕೆಟ್ಟಿದ್ದರೆ ಪರಿಹಾರ ಯಾರು ಕೊಡಬೇಕು ಎಂಬುದೂ ಮೊದಲ ಚೀಲ ಇಳಿಯುವ ಮುನ್ನವೇ ಒಪ್ಪಂದದಲ್ಲಿ ಬರೆದಿರಬೇಕು.